ಹವ್ಯಾಸದ ಲೇಖನಿ, ಕಸುಬಿನ ಲೇಖನಿ



ಬರೆದು ಬದುಕಬಹುದೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳ ನೋಂದಣಿ ಕಚೇರಿಯ ಆಸುಪಾಸಿನಲ್ಲಿ ಬರೆದೇ ಬದುಕುವವರಿದ್ದಾರೆ. ಅವರು ಪತ್ರ ಬರಹಗಾರರು. ಕ್ರಯಪತ್ರದಲ್ಲಿ ಸರ್ವೆ ನಂಬರೋ ಚಕ್ಕುಬಂದಿಯೋ ತಪ್ಪಿದರೆ ರೈತ ಕೋರ್ಟಿಗೆ ಅಲೆಯಬೇಕಾಗುತ್ತದೆ. ಸ್ಫೂರ್ತಿ ಬರಲೆಂದು ಅವರು ಕಾಯುವಂತಿಲ್ಲ. ಇನ್ನೊಬ್ಬರ ಅಗತ್ಯಕ್ಕೆ, ಹೇಳಿದ ಹೊತ್ತಿಗೆ, ತಪ್ಪಿಲ್ಲದೆ ಬರೆಯುವುದೇ ಕಸುಬು. ನಮ್ಮ ಟಿ.ವಿ. ಬರವಣಿಗೆಯೂ ಹೀಗೆಯೇ. ಅ.ನ.ಕೃ. ಅವರಂತೆ ಲೇಖನಿಯನ್ನೇ ನಂಬಿ ಸಾಹಿತ್ಯ ರಚಿಸಿದವರೂ ಉಂಟು, ಆದರೆ ವಿರಳ.

ಹಾಗಾದರೆ ಹವ್ಯಾಸದ ಬರಹ ಹಗುರವೇ? ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಜಾನಪದ ಲೋಕವಿದೆ. 1994ರಲ್ಲಿ ಅದನ್ನು ಕಟ್ಟಿ ನಿಲ್ಲಿಸಿದ ಎಚ್.ಎಲ್. ನಾಗೇಗೌಡರು (1915–2005) ಜಿಲ್ಲಾಧಿಕಾರಿಯಾಗಿದ್ದವರು. ಸಂಬಳ ಬಂದದ್ದು ಕಡತಗಳಿಂದ. ಕಾದಂಬರಿ ಬರೆದದ್ದು, ಹಳ್ಳಿಯ ಹಾಡುಗಳನ್ನು ಕಲೆಹಾಕಿದ್ದು, ‘ಪ್ರವಾಸಿ ಕಂಡ ಇಂಡಿಯಾ’ ಸಂಪುಟಗಳನ್ನು ಕನ್ನಡಕ್ಕೆ ಕೊಟ್ಟದ್ದು ಹವ್ಯಾಸದಿಂದ. 1995ರಲ್ಲಿ ಮುಧೋಳದ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು! ಹಾಡುವ ಅಜ್ಜಿ ತೀರಿಕೊಂಡರೆ ಹಾಡೂ ಹೋಗುತ್ತದೆ. ಬರೆದಿಟ್ಟುಕೊಳ್ಳಿ ಎಂದು ಯಾರೂ ಹಣ ಕೊಟ್ಟು ಹೇಳುವುದಿಲ್ಲ. ಇಂಥ ಕೆಲಸ ಹವ್ಯಾಸಿಗಳಿಂದಲೇ ಆಗಬೇಕು.

ಹೊಟ್ಟೆಪಾಡಿಗೆ ಒಂದು ದಾರಿ ಮಾಡಿಕೊಳ್ಳಿ ಎಂದು ನಿಮ್ಮ ತಂದೆತಾಯಿ ಹೇಳುವುದು ಸರಿಯೇ. ಆದರೆ ಬರೆಯಲು ಅದರವರೆಗೆ ಕಾಯಬೇಕಿಲ್ಲ. ಈ ರಜೆಯಲ್ಲಿ ನೋಟ್‌ಬುಕ್ ಹಿಡಿದು ಅಜ್ಜಿಯ ಮುಂದೆ ಕುಳಿತು ಒಂದು ಸೋಬಾನೆ ಪದ ಬರೆದುಕೊಳ್ಳಿ. ಅಜ್ಜಿ ಹೇಳಿದ ಮಾತನ್ನು ತಿದ್ದಬೇಡಿ. ಹಾಡಿದವರ ಹೆಸರು, ಊರು, ದಿನಾಂಕ ಮೂರನ್ನೂ ಪತ್ರ ಬರಹಗಾರರಷ್ಟೇ ಎಚ್ಚರದಿಂದ ಕೆಳಗೆ ನಮೂದಿಸಿ.