ಅಳುವವರ ಪಕ್ಕದಲ್ಲಿ



ಇಂದು ನವೆಂಬರ್ 2, ಸಕಲ ಮೃತ ವಿಶ್ವಾಸಿಗಳ ಸ್ಮರಣೆಯ ದಿನ. ಸಮಾಧಿಗಳ ಮೇಲೆ ಹೂವಿಟ್ಟು ಮೇಣದಬತ್ತಿ ಹಚ್ಚುವ ನಾವು, ಸಾವನ್ನು ಕವಿಗಳು ಹೇಗೆ ಕಂಡರೆಂಬುದನ್ನೂ ತುಸು ನೆನೆಯೋಣ.

ಅಸ್ಸಿಸಿಯ ಸಂತ ಫ್ರಾನ್ಸಿಸರು 1226ರಲ್ಲಿ ಮರಣ ಸಮೀಪಿಸಿದಾಗ, ತಮ್ಮ ಸೃಷ್ಟಿಗೀತೆಯಲ್ಲಿ ಸಾವನ್ನು ಸೋದರಿಯೆಂದು ಕರೆದರು. ನಮ್ಮ ವರಕವಿ ದ. ರಾ. ಬೇಂದ್ರೆಯವರು (1896-1981) ಹಲವು ಮಕ್ಕಳನ್ನು ಕಳೆದುಕೊಂಡವರು. ಮಗುವಿನ ಸಾವಿನ ದುಃಖದಲ್ಲಿ ಬರೆದ ಅವರ ಪ್ರಸಿದ್ಧ ಕವಿತೆಯಲ್ಲಿ ಉಪದೇಶವಿಲ್ಲ. ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನಿದ್ದಾನೆ.

ಇಬ್ಬರ ಮಾತೂ ನಿಜವೇ. ಫ್ರಾನ್ಸಿಸರು ಬರಮಾಡಿಕೊಂಡದ್ದು ತಮ್ಮ ಸಾವನ್ನು. ಬೇಂದ್ರೆಯವರ ಮುಂದಿದ್ದದ್ದು ಹೆತ್ತವಳ ಸಂಕಟ. ನಾವೋ, ಇಲ್ಲಿ ರಾಮಸಮುದ್ರದಲ್ಲಿ, ಮಣ್ಣು ಕೊಟ್ಟು ಬಂದ ಸಂಜೆಯೇ ತಾಯಿಗೆ "ದೇವರ ಚಿತ್ತ, ಅಳಬ್ಯಾಡವ್ವ" ಎಂದುಬಿಡುತ್ತೇವೆ. ಲಾಜರನನ್ನು ಎಬ್ಬಿಸುವೆನೆಂದು ತಿಳಿದಿದ್ದ ಪ್ರಭು ಯೇಸುವೇ, ಮರಿಯಳ ಅಳು ಕಂಡು ತಾವೂ ಅತ್ತರು. ಪುನರುತ್ಥಾನದ ವಿಶ್ವಾಸ ಕಣ್ಣೀರಿಗೆ ಅಡ್ಡಬರುವುದಿಲ್ಲ, ಅಳುವವರ ಕೈಹಿಡಿಯುತ್ತದೆ.

ಈ ವಾರ ದುಃಖದ ಮನೆಯೊಂದಕ್ಕೆ ಹೋಗೋಣ. ಜೊತೆಗೆ ಕುಳಿತು, ಅಗಲಿದವರ ಹೆಸರು ಹೇಳಿ, ಜಪಸರ ಮಾಡೋಣ. ಪ್ರಭು ಅವರಿಗೆ ನಿತ್ಯ ವಿಶ್ರಾಂತಿಯನ್ನು ದಯಪಾಲಿಸಲಿ. ಆಮೆನ್.