ವಿಜ್ಞಾನದ ಹೋಂವರ್ಕ್: ಪೋಷಕರಲ್ಲಿ, ದಾನಿಗಳಲ್ಲಿ ಒಂದು ವಿನಂತಿ

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾ ಸಾವಿರಾರು ಹೋಂವರ್ಕ್ ಪುಸ್ತಕ ತಿದ್ದಿದ್ದೇನೆ. ಕೆಲವು ಮಕ್ಕಳ ಪುಸ್ತಕ ನೋಡಲು ಬಹಳ ಚೆಂದ. ದುಂಡಗಿನ ಅಕ್ಷರ, ತುಂಬಿದ ಪುಟ. ಪರೀಕ್ಷೆಯಲ್ಲಿ ಮಾತ್ರ ಉತ್ತರವಿಲ್ಲ. ಅವರು ಸೋಮಾರಿಗಳಲ್ಲ. ಗೈಡ್ ನೋಡಿ ಬರೆದಿದ್ದಾರೆ. ಕೈ ದುಡಿದಿದೆ, ತಲೆ ದುಡಿದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. 6 ಓಮ್ ಮತ್ತು 3 ಓಮ್‌ನ ಎರಡು ರೋಧಕಗಳನ್ನು ಸರಣಿಯಲ್ಲಿ ಜೋಡಿಸಿದರೆ ಒಟ್ಟು ರೋಧ 9 ಓಮ್. ಸಮಾಂತರವಾಗಿ ಜೋಡಿಸಿದರೆ 2 ಓಮ್. ಸಮಾಂತರದ ಹತ್ತು ಲೆಕ್ಕಗಳನ್ನೇ ಸಾಲಾಗಿ ಮಾಡಿದ ಮಗು ಹತ್ತನ್ನೂ ಸರಿ ಮಾಡುತ್ತದೆ. ಪರೀಕ್ಷೆಯಲ್ಲಿ ಚಿತ್ರ ನೋಡಿ ಇದು ಯಾವ ಜೋಡಣೆ ಎಂದು ತಾನೇ ತೀರ್ಮಾನಿಸಬೇಕಾದಾಗ ತಡವರಿಸುತ್ತದೆ. ಎರಡನ್ನೂ ಬೆರೆಸಿ ಕೊಟ್ಟ ಐದು ಲೆಕ್ಕ ಅದಕ್ಕಿಂತ ಮೇಲು.

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗ ಹೀಗಿದೆ: ಪಾಠವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಪಾಠ ನೋಡದೆ ನೆನಪಿನಿಂದ ಬರೆದು ಅಭ್ಯಾಸ ಮಾಡಿದವರು ಒಂದು ವಾರದ ನಂತರ ಮುಂದಿದ್ದರು. ನಮ್ಮ ಮಕ್ಕಳ ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ, ತಿಂಗಳುಗಳ ನಂತರ ಬರುತ್ತದೆ.

"ನಮಗೆ ವಿಜ್ಞಾನ ಬರುವುದಿಲ್ಲ ಸರ್" ಎಂದು ತಾಯಂದಿರು ಹೇಳುತ್ತಾರೆ. ಬರಬೇಕಾಗಿಲ್ಲಮ್ಮ. ಮಗು ಬರೆಯುವಾಗ ಪಠ್ಯಪುಸ್ತಕ ತೆರೆದಿದೆಯೋ ಮುಚ್ಚಿದೆಯೋ, ಅಷ್ಟು ನೋಡಿ. ಅಡುಗೆ ಮಾಡುತ್ತಲೇ ಕೇಳಿ: "ಈ ಬಲ್ಬ್ ಆರಿಸಿದರೆ ಆ ಬಲ್ಬ್ ಯಾಕೆ ಉರಿಯುತ್ತಲೇ ಇರುತ್ತದೆ?" ಕಲಿತ ಮಗು ಸಮಾಂತರ ಜೋಡಣೆಯನ್ನು ವಿವರಿಸುತ್ತದೆ. ತಡವರಿಸಿದರೆ ಬೈಯಬೇಡಿ, ಆಗ ಪುಸ್ತಕ ತೆರೆಯಲಿ. ತಪ್ಪನ್ನು ಅಳಿಸದೆ ಪಕ್ಕದಲ್ಲಿ ಸರಿ ಉತ್ತರ ಬರೆಯಲಿ. ವಾರ ಬಿಟ್ಟು ಅದೇ ಪ್ರಶ್ನೆಗೆ ಮತ್ತೆ ಬರೆಯಲಿ.

ಎಸ್ಸೆಸ್ಸೆಲ್ಸಿ ವಿಜ್ಞಾನದಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಮಗು ಎಲ್ಲಿ ಎಡವಿತು ಎಂಬುದನ್ನು ಅಂಕ ಹೇಳುವುದಿಲ್ಲ, ತಿದ್ದಿದ ಪುಸ್ತಕ ಹೇಳುತ್ತದೆ. ಆದ್ದರಿಂದ ಆಯ್ಕೆ ಸಮಿತಿಯವರಲ್ಲಿ ನನ್ನ ಕೋರಿಕೆ: ವಿದ್ಯಾರ್ಥಿವೇತನ ನವೀಕರಿಸುವಾಗ ಅಂಕಪಟ್ಟಿಯ ಜೊತೆಗೆ ಹೋಂವರ್ಕ್ ಪುಸ್ತಕವನ್ನೂ ತರಿಸಿ ನೋಡಿ. ಒಂದು ವರ್ಷ ಅಂಕ ಕುಸಿಯಿತೆಂದು ಕೈಬಿಡಬೇಡಿ. ನೆರವು ನಿಂತೀತೆಂಬ ಭಯವೇ ಮಗುವನ್ನು ಗೈಡಿನ ಕಡೆ ತಳ್ಳುತ್ತದೆ.

ದಾನಿಗಳಲ್ಲೂ ಒಂದು ಮಾತು. ಒಂದೇ ಕೋಣೆಯ ಮನೆಯಲ್ಲಿ ಮಗು ಎಲ್ಲಿ ಕೂತು ಓದಬೇಕು? ಮಗ್ರಿಬ್ ನಮಾಜಿನ ನಂತರ ಎರಡು ಗಂಟೆ ಕಾಲ, ಬೆಳಕಿರುವ ಒಂದು ಹಾಲ್, ನಾಲ್ಕು ಮೇಜು, ಸಂದೇಹ ಕೇಳಲು ಒಬ್ಬ ಪದವೀಧರ. ಹುಡುಗಿಯರನ್ನು ಮನೆ ತಲುಪಿಸುವ ವ್ಯವಸ್ಥೆಯೂ ಇರಲಿ. ಫೀಸು ಕಟ್ಟಿದರೆ ಮಗು ಶಾಲೆಗೆ ಹೋಗುತ್ತದೆ; ಇಷ್ಟು ಒದಗಿಸಿದರೆ ಕಲಿಯುತ್ತದೆ. ವಾರಕ್ಕೆ ಎರಡು ಸಂಜೆ ನಾನೂ ಬರುತ್ತೇನೆ.