ಕತ್ತರಿ, ಗೋಂದು ಮತ್ತು ಅಜ್ಜಿಯ ಲಕ್ಷ್ಮಿ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಇವನು ಕಂಪ್ಯೂಟರಿನ ಬಗ್ಗೆಯೇ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ಆದರೆ ನಾನು ಹೇಳಹೊರಟದ್ದು ರಜೆಯ ದಿನಗಳಲ್ಲಿ ಮಾಡುವ ಕೊಲಾಜ್ ಚಿತ್ರಗಳ ಬಗ್ಗೆ. ಕಾಗದ, ಬಟ್ಟೆ, ಜರಿ, ಬಣ್ಣ ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಅಂಟಿಸಿ ಚಿತ್ರ ಕಟ್ಟುವ ಕೆಲಸ ಅದು. ಅದಕ್ಕೆ ಮೊದಲು ಒಂದು ತಪ್ಪೊಪ್ಪಿಗೆ.

2003ರಲ್ಲಿ ನಾನು ಒಂಬತ್ತನೇ ತರಗತಿ. ವಸ್ತುಪ್ರದರ್ಶನಕ್ಕೆ ಚಿತ್ರ ಮಾಡಬೇಕಿತ್ತು. ನಮ್ಮ ಚಾವಡಿಯಲ್ಲಿ ರವಿವರ್ಮನ ಲಕ್ಷ್ಮಿಯ ಹಳೆಯ ಪಟವಿತ್ತು. ಯಾರೂ ಇಲ್ಲದ ಹೊತ್ತು ಗ್ಲಾಸು ಬಿಚ್ಚಿ, ಲಕ್ಷ್ಮಿಯ ಪಕ್ಕದ ಆನೆಯನ್ನು ಕತ್ತರಿಸಿ ನನ್ನ ಚಿತ್ರಕ್ಕೆ ಅಂಟಿಸಿದೆ. ಬಹುಮಾನವೂ ಬಂತು. ಮನೆಯಲ್ಲಿ ಗೊತ್ತಾದಾಗ ಅಜ್ಜಿ ಬೈಯಲಿಲ್ಲ. "ದೇವರ ಪಟ ಇನ್ನೊಂದು ತರಬಹುದು ಮಗಾ. ಆದರೆ ಆನೆಯ ಮೈಮೇಲಿದ್ದದ್ದು ನನ್ನ ಅಮ್ಮನ ಧಾರೆ ಸೀರೆಯ ಜರಿ," ಎಂದರು. ಅಷ್ಟೇ. ಪ್ರದರ್ಶನ ಮುಗಿದು ನೋಡಿದರೆ ನನ್ನ ಚಿತ್ರವೂ ಎಲ್ಲೋ ಹೋಗಿತ್ತು.

ಅಜ್ಜಿಯ ಆ ಮಾತಿನ ಅರ್ಥ ನನಗಾದದ್ದು ಬಹಳ ವರ್ಷಗಳ ನಂತರ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಮುದ್ರಣಾಲಯ ತೆರೆದರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಹೂಡಿ ಅಚ್ಚು ಹಾಕುವ ಕ್ರಮ. ಅರಮನೆಯ ಗೋಡೆಯಲ್ಲಿದ್ದ ದೇವ ದೇವಿಯರು ಹೀಗೆ ಬಡವರ ಮನೆಗೂ ಬಂದರು. ಮನೆಯ ಹೆಂಗಸರು ಆ ಪಟಗಳಿಗೆ ಸೀರೆಯ ಚೂರು, ಜರಿ, ಚಮಕಿ, ಮಣಿ ಅಂಟಿಸಿ ದೇವರಿಗೆ ಉಡಿಸಿದರು. ಪ್ಯಾರಿಸ್ಸಿನಲ್ಲಿ ಪಿಕಾಸೊ ಮತ್ತು ಬ್ರಾಕ್ 1912ರ ಹೊತ್ತಿಗೆ ಚಿತ್ರಕ್ಕೆ ಕಾಗದ ಅಂಟಿಸಿದ್ದನ್ನು ಕಲೆಯ ಚರಿತ್ರೆ ಬರೆದಿಟ್ಟಿದೆ. ನಮ್ಮ ಅಜ್ಜಿ ಮುತ್ತಜ್ಜಿಯಂದಿರು ಅಂಟಿಸಿದ್ದಕ್ಕೆ ಹೆಸರೇ ಇಲ್ಲ. ರವಿವರ್ಮನ ಅಚ್ಚಿನ ಚಿತ್ರಗಳನ್ನು ನೋಡಬೇಕಾದರೆ ದೂರ ಹೋಗಬೇಕಿಲ್ಲ. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹೆರಿಟೇಜ್ ವಿಲೇಜಿನಲ್ಲಿ ಅವು ಇವೆ. ಇನ್ನು ಯಕ್ಷಗಾನದ ಕಿರೀಟ ನೋಡಿ: ಹಗುರ ಮರ, ಬೇಗಡೆ, ಕನ್ನಡಿ ಚೂರು. ನಾವು ಮಿಶ್ರಮಾಧ್ಯಮ ಎನ್ನುವುದು ಇದನ್ನೇ ಅಲ್ಲವೇ?

ಪರದೇಶದ ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಕಟ್ಟಿಂಗೇರಿಯಲ್ಲಿ ಕೆ.ಕೆ. ಹೆಬ್ಬಾರರು ಹುಟ್ಟಿದ 1911ರಲ್ಲೇ ಅಮೆರಿಕದಲ್ಲಿ ರೊಮೇರ್ ಬಿಯರ್ಡನ್ ಎಂಬ ಕಪ್ಪು ಜನಾಂಗದ ಕಲಾವಿದ ಹುಟ್ಟಿದರು. ಗ್ರೀಕರ ಒಡಿಸ್ಸಿ ಕತೆಯನ್ನು ಅವರು 1977ರಲ್ಲಿ ಬಣ್ಣದ ಕಾಗದ ಕತ್ತರಿಸಿ ಚಿತ್ರಮಾಲೆಯಾಗಿ ಮಾಡಿದರು. ಅದರಲ್ಲಿ ವೀರರೂ ದೇವತೆಗಳೂ ಕಪ್ಪು ಮೈಬಣ್ಣದವರು. ಹಳೆಯ ಕತೆಯೊಳಗೆ ತನ್ನವರಿಗೆ ಜಾಗ ಮಾಡಿಕೊಟ್ಟದ್ದು ಅವರ ಸಾಧನೆ. ಅಜ್ಜಿಯ ಅಮ್ಮ ಲಕ್ಷ್ಮಿಯ ಪಟಕ್ಕೆ ತನ್ನ ಸೀರೆಯ ಜರಿ ಅಂಟಿಸಿದಾಗಲೂ ಆದದ್ದು ಅದೇ.

2020ರ ಲಾಕ್‌ಡೌನಿನಲ್ಲಿ ಮನೆಯಿಂದಲೇ ಕೆಲಸ. ಆಗ ಅಟ್ಟದಲ್ಲಿ ಆ ಪಟ ಸಿಕ್ಕಿತು. ಅಜ್ಜಿ ಆಗ ಇರಲಿಲ್ಲ. ಪಟದ ಅಂಚಿಗೆ ಬೂಷ್ಟು ಹಿಡಿದಿತ್ತು, ಆನೆಯ ಜಾಗದಲ್ಲಿ ತೂತು. ಹೊಸ ಆನೆಯನ್ನು ಅಚ್ಚು ಹಾಕಿಸಿ, ಗುರುತೇ ಸಿಗದ ಹಾಗೆ ಕೂರಿಸುವುದು ನನಗೆ ಕಷ್ಟವಿರಲಿಲ್ಲ. ಮನಸ್ಸು ಒಪ್ಪಲಿಲ್ಲ. ಅಜ್ಜಿ ಉಡುತ್ತಿದ್ದ ಉಡುಪಿ ಕೈಮಗ್ಗದ ಸೀರೆಯ ಒಂದು ತುಂಡನ್ನು, ಅಮ್ಮನನ್ನು ಕೇಳಿಯೇ, ಆನೆಯ ಆಕಾರಕ್ಕೆ ಕತ್ತರಿಸಿ ಹಿಂದಿನಿಂದ ಅಂಟಿಸಿದೆ. ಕತ್ತರಿಯ ಗುರುತು ಈಗಲೂ ಕಾಣುತ್ತದೆ. ಕಾಣಲಿ. ಕಾರ್ಕಳದ ಅಂಗಡಿಯಲ್ಲಿ ಹೊಸ ಗ್ಲಾಸು ಹಾಕಿಸಿ ಚಾವಡಿಯಲ್ಲಿ ಮತ್ತೆ ತೂಗುಹಾಕಿದ್ದೇವೆ.

ಅಂದಿನಿಂದ ಮೂಲ ಚಿತ್ರಕ್ಕೆ ನಾನು ಕತ್ತರಿ ಹಾಕುವುದಿಲ್ಲ. ಸ್ಕ್ಯಾನ್ ಮಾಡಿ ಪ್ರತಿ ತೆಗೆದು ಅದನ್ನು ಕತ್ತರಿಸುತ್ತೇನೆ. ಮಕ್ಕಳೇ, ನೀವೂ ಮಾಡಬಹುದು. ಗಟ್ಟಿ ರಟ್ಟು ತೆಗೆದುಕೊಳ್ಳಿ. ಗೋಂದನ್ನು ತೆಳ್ಳಗೆ ಸವರಿ, ಇಲ್ಲವಾದರೆ ಕಾಗದ ಸುಕ್ಕಾಗುತ್ತದೆ. ಒಣಗುವವರೆಗೆ ಭಾರವಾದ ಪುಸ್ತಕ ಹೇರಿ. ಮೈದಾ ಅಂಟಾದರೆ ನಮ್ಮ ಮಳೆಗಾಲದಲ್ಲಿ ಹುಳ ಬರುವುದು ಖಂಡಿತ. ಪುಸ್ತಕ ಬೈಂಡ್ ಮಾಡುವವರು ಅದಕ್ಕೇ ಮೈಲುತುತ್ತು ಬೆರೆಸುತ್ತಿದ್ದರು. ಅದು ವಿಷ, ನೀವು ಮುಟ್ಟಬೇಡಿ, ಫೆವಿಕಾಲ್ ಸಾಕು. ದಮಯಂತಿಯ ಹಂಸವನ್ನು ಕಾಪುವಿನ ದೀಪಸ್ತಂಭದ ಬಂಡೆಯ ಮೇಲೆ ಕೂರಿಸಿ ನೋಡಿ, ಕತೆ ನಿಮ್ಮದಾಗುತ್ತದೆ. ಆದರೆ ಕತ್ತರಿ ಹಿಡಿಯುವ ಮೊದಲು ಮನೆಯವರನ್ನು ಒಂದು ಮಾತು ಕೇಳಿ.

ಹಿರಿಯರಲ್ಲಿ ಒಂದು ವಿನಂತಿ. ಹಳೆಯ ಪಟಗಳು ಹಾಳಾದವೆಂದು ಅಶ್ವತ್ಥಕಟ್ಟೆಯಲ್ಲಿ ಇಟ್ಟುಬರುವ ಮೊದಲು ಶಾಲೆಗೆ ಒಮ್ಮೆ ತನ್ನಿ. ಊರಿಗೆ ಬಂದಾಗಲೆಲ್ಲ ಸ್ಕ್ಯಾನ್ ಮಾಡಿಕೊಡುವ ಕೆಲಸ ನನ್ನದು. ಜರಿ ಯಾರ ಸೀರೆಯದ್ದು ಎಂಬುದನ್ನೂ ಮಕ್ಕಳು ಕೇಳಿ ಬರೆದಿಡಲಿ.